ಅಪ್ಪನ ಮುಖಕ್ಕೆ ಪೌಡರು

ಹಾಸನದ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನ ಪ್ರಕಾರ ನನಗೊಂದು ಮೊಮ್ಮಗುವಿದೆ. ಅದಕ್ಕೀಗ ಒಂದೂವರೆ ವರ್ಷ. ಮೊದಲ ಸಲ ನಾನು ವಾಸನೆಯಿಲ್ಲದ ಮಕ್ಕಳ ಪೌಡರ್ ಕೇಳಿದಾಗ ಅವನು ಮುಖವರಳಿಸಿ, "ಮೊಮ್ಮಗೂಗಾ ಮೇಡಂ?" ಎಂದಿದ್ದ. "ಅಲ್ಲಪ್ಪ, ರಬ್ಬರಿನ ಕೋತಿ ಮುಖಕ್ಕೆ" ಎಂದು ಸತ್ಯ ಹೇಳಬಹುದಿತ್ತು. ಆದರೆ ಹಿಂದೆ ನಾಲ್ಕು ಜನ ನಿಂತಿದ್ದರು, ಅವರಲ್ಲಿಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಸುಮ್ಮನೆ ತಲೆಯಾಡಿಸಿದೆ. ಅಲ್ಲಿಂದ ಶುರುವಾದ ಸುಳ್ಳು ಈಗ ತಾನಾಗಿಯೇ ಬೆಳೆಯುತ್ತಿದೆ. "ಹಲ್ಲು ಬಂತಾ?" ಎಂದು ಕೇಳಿದ, ಬಂತು ಎಂದೆ. ಹಲ್ಲಿನ ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳಿಲ್ಲ, ಆ ಮುಖಕ್ಕೆ ಹುಟ್ಟಿನಿಂದಲೇ ಹಲ್ಲಿವೆ. "ನಡೀತದಾ?" ಎಂದ, ಇನ್ನೂ ಇಲ್ಲ ಎಂದೆ. ಹೋದ ವಾರ ಪೌಡರ್ ಡಬ್ಬಿಯ ಜೊತೆಗೆ ಮಕ್ಕಳ ಡಾಕ್ಟರೊಬ್ಬರ ವಿಳಾಸವನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ. ಪಾಪ, ಒಳ್ಳೆಯ ಮನುಷ್ಯ.

ಆ ಕೋತಿ ಮುಖ ನಮ್ಮಪ್ಪನದು. ಹೀಗೆ ಹೇಳಿದರೆ ಅಪ್ಪನನ್ನು ಬೈದ ಹಾಗೆ ಕೇಳಿಸುತ್ತದೆ, ಏನು ಮಾಡಲಿ, ನಿಜ ಇರುವುದೇ ಹಾಗೆ. ನಮ್ಮಪ್ಪ ನಾಟಕದಲ್ಲಿ ಆಂಜನೇಯನ ಪಾರ್ಟು ಮಾಡುತ್ತಿದ್ದರು, ಆಗ ಹಾಕಿಕೊಳ್ಳುತ್ತಿದ್ದ ರಬ್ಬರಿನ ಮುಖವಾಡ ಅದು. ಅಪ್ಪ ತೀರಿಹೋಗಿ ಮೂವತ್ತಾರು ವರ್ಷವಾಯಿತು. ಅವರ ನಿಜವಾದ ಮುಖದ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ಇರುವುದು ಹೊಳೆನರಸೀಪುರದ ಸ್ಟುಡಿಯೋದವನು ಬಂದು ತೆಗೆದ ನಾಟಕದ ಮೇಳದ ಒಂದು ಗ್ರೂಪ್ ಫೋಟೋ. ಅದರಲ್ಲಿ ಎಲ್ಲರ ಮುಖವೂ ಚೆನ್ನಾಗಿ ಬಿದ್ದಿದೆ, ಹಾರ್ಮೋನಿಯಂ ಮೇಷ್ಟ್ರ ಕಿವಿಯ ಕೂದಲು ಕೂಡ ಕಾಣುತ್ತದೆ. ನಟ್ಟ ನಡುವೆ ಗದೆ ಹಿಡಿದು ಕೂತ ನಮ್ಮಪ್ಪ ಮಾತ್ರ ಮುಖವಾಡ ತೆಗೆದಿಲ್ಲ. ಹೀಗಾಗಿ ನಮ್ಮವ್ವನಿಗೆ ಗಂಡನ ಮುಖ ಎಂದರೆ ಆ ರಬ್ಬರೇ. ಅದು ಈಗ ಹಾಳಾಗುತ್ತಿದೆ. ಹಾಳು ಮಾಡಿದವಳು ನಾನೇ. ಹಾಗಾಗಿ ಬೆಳಿಗ್ಗೆ ಕಾಫಿಯಾದ ಮೇಲೆ ನಾನು ಮಾಡುವ ಮೊದಲ ಕೆಲಸ ಅದಕ್ಕೆ ಬ್ರಷ್ಷಿನಲ್ಲಿ ಪೌಡರ್ ಹಚ್ಚುವುದು. ನಮ್ಮೆಜಮಾನರು ಪೇಪರಿನ ಹಿಂದಿನಿಂದಲೇ, "ಮಾವನವರ ಮೇಕಪ್ ಆಯ್ತಾ?" ಎಂದು ವಿಚಾರಿಸುತ್ತಾರೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವರು ನಮ್ಮಪ್ಪನ ಬಗ್ಗೆ ಇಷ್ಟು ಕಾಳಜಿ ತೋರಿಸಿದ್ದು ಇದೇ ಮೊದಲು.

ನಮ್ಮೂರು ದಂಡಿಗನಹಳ್ಳಿಯ ಹತ್ತಿರ. ಆಗೆಲ್ಲ ನಮ್ಮೂರ ಆಂಜನೇಯ ಮುಖಕ್ಕೆ ಬಣ್ಣ ಬಳಿದುಕೊಂಡು, ಬಾಯಿಯ ಸುತ್ತ ಗೋಂದಿನಲ್ಲಿ ಹತ್ತಿ ಅಂಟಿಸಿಕೊಳ್ಳುತ್ತಿದ್ದ. ಎರಡು ಹಾಡು ಮುಗಿಯುವಷ್ಟರಲ್ಲಿ ಬೆವರಿಗೆ ಹತ್ತಿ ಬಿಟ್ಟುಕೊಂಡು ಬಾಯೊಳಗೆ ಹೋಗುತ್ತಿತ್ತು. ಒಂದು ಸಲ ಲಂಕೆಗೆ ಹಾರುವ ಮೊದಲು ಅಪ್ಪ ಅದನ್ನು ಉಗಿದುಕೊಳ್ಳುತ್ತ ನಿಂತಿದ್ದನ್ನು ನೋಡಿ ಜನ, ಆಂಜನೇಯನಿಗೆ ಪಿತ್ತವಾಗಿದೆ ಎಂದು ನಕ್ಕರಂತೆ. ಆ ಅವಮಾನ ಅಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಹೊಳೆನರಸೀಪುರದಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಒಂದು ಅಂಗಡಿಯಿತ್ತು. ಕಿರೀಟ ತರಲು ಹೋದ ಅಪ್ಪನ ಕಣ್ಣಿಗೆ ಅಲ್ಲಿ ಮೂಲೆಯಲ್ಲಿ ನೇತುಬಿದ್ದಿದ್ದ ಈ ಮುಖ ಬಿತ್ತು. ಬೊಂಬಾಯಿಯಿಂದ ಬಂದ ಗಂಟಿನಲ್ಲಿ ಅದು ಹೇಗೋ ಸೇರಿಕೊಂಡು ಬಂದಿತ್ತು, ಯಾರಿಗೂ ಬೇಡವಾಗಿತ್ತು. ಅಪ್ಪ ಎರಡು ಮೂಟೆ ತೆಂಗಿನಕಾಯಿ ಕೊಟ್ಟು ಅದನ್ನು ಮನೆಗೆ ತಂದರು.

ನಿಜ ಹೇಳಬೇಕೆಂದರೆ ಅದು ಆಂಜನೇಯನ ಮುಖವೇ ಅಲ್ಲ. ಯಾವುದೋ ದೇಶದ ಕಾಡಿನ ದೊಡ್ಡ ಕೋತಿ. ಹುಬ್ಬು ಗಂಟಿಕ್ಕಿದೆ, ಮೂಗು ಚಪ್ಪಟೆ, ಕೆನ್ನೆಯ ಮೇಲೆ ಒಂದೊಂದೇ ಕೂದಲನ್ನು ಸೂಜಿಯಲ್ಲಿ ನಾಟಿದ್ದಾರೆ. ಕತ್ತಿನ ಒಳಭಾಗದಲ್ಲಿ ಇಂಗ್ಲಿಷಿನ ಮೂರಕ್ಷರ, ಅರ್ಧ ಅಳಿಸಿದೆ. ಅಪ್ಪ ಅದರ ಹಣೆಗೆ ನಾಮ ಎಳೆದು, ಕಿವಿಗೆ ಗಿಲೀಟಿನ ಓಲೆ ಚುಚ್ಚಿ, ಮೇಲೆ ಕಿರೀಟ ಇಟ್ಟರು. ಅಷ್ಟಕ್ಕೇ ಸಾಕ್ಷಾತ್ ಆಂಜನೇಯನಾದ. ಒಂದೇ ತೊಂದರೆ, ಒಳಗಿನಿಂದ ಮಾತಾಡಿದರೆ ಹೊರಗೆ ಏನೂ ಕೇಳುತ್ತಿರಲಿಲ್ಲ. ಹಾಡಿದರೆ ಮಡಕೆಯೊಳಗೆ ಜೇನು ಕೂತ ಹಾಗಿರುತ್ತಿತ್ತು. ಅದಕ್ಕೆ ಅಪ್ಪ ಶೇವಿಂಗ್ ಬ್ಲೇಡಿನಲ್ಲಿ ಅದರ ಬಾಯನ್ನು ಎರಡೂ ಕಡೆ ಕುಯ್ದು ಅಗಲ ಮಾಡಿದರು. ಎಡಗಡೆ ಸ್ವಲ್ಪ ಹೆಚ್ಚು ಹೋಯಿತು. ಅಲ್ಲಿಂದಾಚೆಗೆ ನಮ್ಮೂರ ಆಂಜನೇಯ ಒಂದು ಕಡೆ ಬಾಯಿ ಓರೆ ಮಾಡಿ ಸಣ್ಣಗೆ ನಗುತ್ತಿರುವ ಹಾಗೆ ಕಾಣತೊಡಗಿದ, ಅದೇ ಅವನ ಖ್ಯಾತಿಯಾಯಿತು. ಹಿರೀಸಾವೆ, ದುದ್ದ, ಅರಕಲಗೂಡಿನ ಕಡೆಯಿಂದೆಲ್ಲ ಜನ ಬಂದು, "ಆ ನಗೋ ಆಂಜನೇಯನೇ ಬೇಕು ಸಾ" ಎಂದು ಅಪ್ಪನಿಗೆ ವೀಳ್ಯ ಕೊಟ್ಟು ಹೋಗುತ್ತಿದ್ದರು.

ಮುಖವನ್ನು ಮಡಚಿದರೆ ಗೆರೆ ಬೀಳುತ್ತದೆಂದು ಅಪ್ಪ ಚೀಲಕ್ಕೆ ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಮೇಲೊಂದು ಟವಲು ಹೊದಿಸಿ, ಕೂಸನ್ನು ಹಿಡಿದುಕೊಂಡ ಹಾಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಯಲ್ಲಿದ್ದೆ, ಹಿರೀಸಾವೆಗೆ ಹೋಗುತ್ತಿದ್ದೆವು. ಗಾಳಿಗೆ ಟವಲು ಹಾರಿತು. ಎದುರು ಸೀಟಿನಲ್ಲಿದ್ದ ಹೆಂಗಸು ಕಿಟಾರನೆ ಕಿರುಚಿ, ಮರುಕ್ಷಣ ಹಣೆಯ ನಾಮ ನೋಡಿ ಕೈ ಮುಗಿದಳು. ಕಂಡಕ್ಟರು ಬಂದು ನೋಡಿ, "ಇವ್ರಿಗೆ ಎಲ್ಲಿಗೆ ಕೊಡ್ಲಿ ಗೌಡ್ರೇ, ಲಂಕೆಗಾ?" ಎಂದ. ಬಸ್ಸೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ಕಿಟಕಿಯ ಬಿಸಿಲು ಬೀಳದ ಹಾಗೆ ಮುಖವನ್ನು ತಮ್ಮ ಎದೆಯ ಕಡೆಗೆ ತಿರುಗಿಸಿಕೊಂಡರು. ರಬ್ಬರಿಗೆ ಬಿಸಿಲು ಆಗದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಹೇಗೋ ಗೊತ್ತಿತ್ತು. ಎಂಟನೆಯ ಕ್ಲಾಸಿನವರೆಗೆ ಓದಿದ ಮನುಷ್ಯ. ಎಂಎಸ್ಸಿ ಮಾಡಿದ ಮಗಳ ಕಥೆ ಮುಂದೆ ಬರುತ್ತದೆ.

ಸ್ಕೂಲಿನಲ್ಲಿ ನನ್ನನ್ನು ಕೋತಿ ಮಗಳು ಎನ್ನುತ್ತಿದ್ದರು. ನನಗೆ ಬೇಜಾರಾಗುತ್ತಿರಲಿಲ್ಲ ಎಂದರೆ ಅದೂ ಸುಳ್ಳೇ. ಆದರೆ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಅದರೊಳಕ್ಕೆ ತಲೆ ತೂರಿಸಿ ಕೂರುತ್ತಿದ್ದೆ. ಒಳಗೆ ಬೀಡಿಯ ವಾಸನೆ, ಬೆವರಿನ ವಾಸನೆ, ಅಪ್ಪನ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ. ಕಣ್ಣಿನ ಎರಡು ತೂತಿನಿಂದ ನಡುಮನೆ ಬೇರೆ ಯಾರದೋ ಮನೆಯ ಹಾಗೆ ಕಾಣುತ್ತಿತ್ತು. ಅಪ್ಪ ಎಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ವಾಸನೆಯೇ.

ನನಗೆ ಇಪ್ಪತ್ತೆರಡು ತುಂಬಿದ ವರ್ಷ ಅಪ್ಪ ಎದೆನೋವಿನಿಂದ ಹೋಗಿಬಿಟ್ಟರು. ನಲವತ್ತೇಳು ವಯಸ್ಸು. ನಮ್ಮ ಕಡೆ ಪಕ್ಷದ ಹಬ್ಬದಲ್ಲಿ ತೀರಿಹೋದವರಿಗೆ ಎಡೆ ಇಡುತ್ತೇವಲ್ಲ, ಗಣೇಶ ಹೋಗಿ ಹದಿನೈದು ದಿನಕ್ಕೆ, ಅವರ ಫೋಟೋ ಇಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು. ಮೊದಲ ವರ್ಷ ಫೋಟೋಕ್ಕೆ ಹುಡುಕಿದರೆ ಇಲ್ಲ. ಗ್ರೂಪ್ ಫೋಟೋ ಇಟ್ಟರೆ ಊರಿನ ಅರ್ಧ ಗಂಡಸರಿಗೆ, ಬದುಕಿದ್ದವರಿಗೆಲ್ಲ, ಎಡೆ ಇಟ್ಟ ಹಾಗಾಗುತ್ತಿತ್ತು. ಅವ್ವ ಒಳಗೆ ಹೋಗಿ ಮುಖವನ್ನೇ ತಂದು ಮಣೆಯ ಮೇಲೆ ಕೂರಿಸಿದಳು. ಆಗ ಅರಕಲಗೂಡಿನಿಂದ ಬಂದಿದ್ದ ನಮ್ಮ ಸೋದರತ್ತೆ ತಕರಾರು ತೆಗೆದಳು.

"ಆಂಜನೇಯನ ಮುಂದ್ಕೆ ಬಾಡು ಇಕ್ತೀಯಾ? ನರಕಕ್ಕೆ ಓಗ್ತೀಯ ಕಣತ್ತಿಗೆ."

ಅತ್ತೆಯ ಮಾತಿನಲ್ಲಿ ನ್ಯಾಯವಿತ್ತು. ಆದರೆ ನಮ್ಮಪ್ಪನಿಗೆ ಕೋಳಿ ಸಾರು ಇಲ್ಲದೆ ಹಬ್ಬವೇ ಇರಲಿಲ್ಲ. ವರ್ಷಕ್ಕೊಮ್ಮೆ ಬರುವ ಮನುಷ್ಯನಿಗೆ ಪಲ್ಯ ಕೋಸಂಬರಿ ಇಟ್ಟು ಕಳಿಸುವುದು ಹೇಗೆ? ಅವ್ವ ಕಿರೀಟ ತೆಗೆದು ಪಕ್ಕಕ್ಕಿಟ್ಟು, ಸೆರಗಿನಿಂದ ನಾಮ ಒರೆಸಿದಳು.

"ಕಿರೀಟ ಇದ್ರೆ ದ್ಯಾವ್ರು. ಇಲ್ದಿದ್ರೆ ನಮ್ಮನೆಯೋನು. ಈಗ ಇಕ್ಕು."

ಅಲ್ಲಿಂದ ಮೂವತ್ತು ಚಿಲ್ಲರೆ ವರ್ಷ ಅದೇ ನಮ್ಮ ಮನೆಯ ಶಾಸ್ತ್ರ. ಶನಿವಾರ ಕಿರೀಟ ಇಟ್ಟು, ಮೂಗಿನ ಮೇಲೆ ಒಂದು ಚೂರು ಬೆಣ್ಣೆ. ಪಕ್ಷದ ದಿನ ಕಿರೀಟ ಇಳಿಸಿ, ಮುಂದೆ ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಸುತ್ತ ಸಾಂಬ್ರಾಣಿ ಹೊಗೆ, ಎರಡು ದೀಪ. ಇಂಥ ಸತ್ಕಾರಕ್ಕೆ ಯಾವ ರಬ್ಬರು ತಾನೆ ಬಾಳುತ್ತದೆ? ಆದರೂ ಅದು ಬಾಳಿತು. ನನ್ನ ಕೈಗೆ ಬರುವವರೆಗೆ ಬಾಳಿತು.

ಎಂಟು ವರ್ಷದ ಹಿಂದೆ ಊರಲ್ಲಿ ನನ್ನ ತಮ್ಮ ಶಿವಣ್ಣ ಮನೆಯ ಹೆಂಚು ತೆಗೆಸಿ ಮೋಲ್ಡು ಹಾಕಿಸಿದ. ಧೂಳಾಗುತ್ತದೆಂದು ಅವ್ವ ಮುಖವನ್ನು ನನಗೆ ಒಪ್ಪಿಸಿದಳು. "ನೀನು ಸೈನ್ಸು ಟೀಚರು. ನಿನ್ ತಾವ ಇದ್ರೆ ಚೆಂದಾಗಿರ್ತದೆ" ಎಂದಳು. ಪಕ್ಷಕ್ಕೆ ಮಾತ್ರ ತಂದು ಮತ್ತೆ ಒಯ್ಯುವುದೆಂದು ಮಾತಾಯಿತು. ಈ ನಂಬಿಕೆಗೆ ತಕ್ಕ ಹಾಗೆ ನಾನು ನಡೆದುಕೊಂಡೆ. ಕೆನ್ನೆ ಒಣಗಿ ಬಿರಿಯುತ್ತಿದೆ ಎನ್ನಿಸಿ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಇಲಿಯ ಕಾಟಕ್ಕೆ ಮರದ ಪೆಟ್ಟಿಗೆ ಬೇಡವೆಂದು ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಅದರೊಳಗೆ ಭದ್ರವಾಗಿ ಮುಚ್ಚಿಟ್ಟೆ. ತಾಮ್ರ ಪವಿತ್ರ ನೋಡಿ. ಇಷ್ಟೆಲ್ಲ ಮಾಡುತ್ತಿದ್ದ ಅದೇ ವಾರಗಳಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಕ್ಲಾಸಿನಲ್ಲಿ ನಿಂತು, ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ತಾಮ್ರ ಅದಕ್ಕೆ ಶತ್ರು ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆಯುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಆ ಬದನೆಕಾಯಿಯನ್ನು ನಾನು ಆರು ವರ್ಷ ತಿಂದೆ. ಪಾಠದ ರಬ್ಬರು ಬೇರೆ, ನಮ್ಮಪ್ಪ ಬೇರೆ ಎಂದು ತಲೆಯಲ್ಲಿ ಎಲ್ಲೋ ಇದ್ದಿರಬೇಕು.

ಇದನ್ನು ಕಂಡುಹಿಡಿದವನು ಪದ್ಮರಾಜ. ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೂ ನಲವತ್ತು ದಾಟಿದೆ. ಬೆಳಗೊಳದ ಕಡೆಯ ಜೈನರ ಮನೆಯವನು, ಚನ್ನರಾಯಪಟ್ಟಣದಲ್ಲಿ ಮುಖವಾಡ, ಬೊಂಬೆ, ಗಣೇಶ ಮಾಡುತ್ತಾನೆ. ಸಿನಿಮಾದವರೂ ಅವನ ಹತ್ತಿರ ಬರುತ್ತಾರೆ. ಹಿಂದಿನ ವರ್ಷದ ಯುಗಾದಿಯ ಹೊತ್ತಿಗೆ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಮುಖವಾಡ ಮಾಡುವವನಲ್ಲವೇ, ನೋಡಿ ಸಂತೋಷಪಡಲಿ ಎಂದು ನಾನೇ ಹೆಮ್ಮೆಯಿಂದ ಹಂಡೆಯ ಮುಚ್ಚಳ ತೆಗೆದೆ. ಅವನು ಮೊದಲು ಕೈ ತೊಳೆದು ಒರೆಸಿಕೊಂಡು ಬಂದ. ಮೊಬೈಲಿನ ಬೆಳಕಿನಲ್ಲಿ ಕತ್ತಿನೊಳಗಿನ ಅಕ್ಷರ ನೋಡಿದ.

"ಟೀಚರ್, ಇಂಥದ್ದನ್ನ ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ರಬ್ಬರ್ ಹಾಲನ್ನ ಇಷ್ಟು ದಪ್ಪಕ್ಕೆ ಈಗ ಯಾರೂ ಹುಯ್ಯಲ್ಲ. ಬಾಯಿ ಒಂದು ಯಾರೋ ಕುಯ್ದುಬಿಟ್ಟಿದಾರೆ."

"ನಮ್ಮಪ್ಪ. ಮಾತು ಕೇಳಲಿ ಅಂತ."

"ಎಣ್ಣೆ ಏನಾದ್ರೂ ಹಚ್ಚಿದ್ರಾ?"

"ಸ್ವಲ್ಪ."

"ಯಾವಾಗ್ಲೂ ಈ ಹಂಡೇಲೇ ಇಡ್ತೀರಾ?"

ನಾನು ಹಂಡೆಯ ಮುಚ್ಚಳವನ್ನು ಸೆರಗಿನಿಂದ ಒರೆಸತೊಡಗಿದೆ. ಅವನು ನೆಲ ನೋಡುತ್ತ, ತುಂಬ ವಿನಯದಿಂದ, "ಟೀಚರ್, ಒಂಬತ್ತನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದಲ್ವಾ" ಎಂದ. ಆ ಪಾಠದ ಟೆಸ್ಟಿನಲ್ಲಿ ನಾನು ಅವನಿಗೆ ಹತ್ತಕ್ಕೆ ಏಳು ಕೊಟ್ಟಿದ್ದೆನಂತೆ. ಅವನು ನನಗೆ ಕೊಡಬೇಕಾಗಿ ಬಂದಿದ್ದರೆ ಎಷ್ಟು ಕೊಡುತ್ತಿದ್ದನೋ ಕೇಳಲಿಲ್ಲ.

ಗಲ್ಲದ ಕೆಳಗೆ ಬೆಲ್ಲದ ಪಾಕದ ಹಾಗೆ ಅಂಟು ಬಂದಿತ್ತು. ಮೂಗಿನ ತುದಿ, ಅವ್ವ ಬೆಣ್ಣೆ ಇಡುತ್ತಿದ್ದ ಜಾಗ, ಮೆತ್ತಗಾಗಿ ಬೆರಳಿನ ಗುರುತು ಬೀಳುತ್ತಿತ್ತು. ಹಾಳಾದದ್ದು ಸರಿಹೋಗುವುದಿಲ್ಲ, ಇನ್ನು ಮುಂದೆ ಹಾಳಾಗುವುದನ್ನು ನಿಧಾನ ಮಾಡಬಹುದು ಅಷ್ಟೆ ಎಂದ. ವಾಸನೆಯಿಲ್ಲದ ಪೌಡರ್ ಒಳಗೂ ಹೊರಗೂ ಹಚ್ಚಬೇಕು, ಕತ್ತಲಲ್ಲಿ ತಣ್ಣಗೆ ಇಡಬೇಕು, ಒಳಗೆ ಬಟ್ಟೆ ತುಂಬಿ ಆಕಾರ ನಿಲ್ಲಿಸಬೇಕು. ದೀಪದ ಶಾಖ, ಸಾಂಬ್ರಾಣಿ ಹೊಗೆ, ಬಿಸಿ ಅನ್ನದ ಹಬೆ, ಯಾವುದೂ ಕೂಡದು. ಅವನು ಹೋದ ಮೇಲೆ ನಾನು ಬೀರುವಿನ ಒಂದು ಅರೆಯಿಂದ ನನ್ನ ರೇಷ್ಮೆ ಸೀರೆಗಳನ್ನು ಮಂಚದ ಕೆಳಗಿನ ಪೆಟ್ಟಿಗೆಗೆ ವರ್ಗ ಮಾಡಿ, ಆ ಜಾಗವನ್ನು ಮುಖಕ್ಕೆ ಕೊಟ್ಟೆ. "ನನ್ನ ಶರ್ಟಿಗೆ ಇಷ್ಟು ವರ್ಷ ಒಂದು ಅರೆ ಸಿಗಲಿಲ್ಲ" ಎಂದರು ಎಜಮಾನರು.

ಆ ವರ್ಷದ ಪಕ್ಷಕ್ಕೆ ನಾನು ಮುಖವನ್ನು ಊರಿಗೆ ಒಯ್ಯಲಿಲ್ಲ. ಬೀಗ ಹಾಕಿದ ಬೀರುವಿನಲ್ಲಿ ಬಿಟ್ಟು, ಬರಿಗೈಲಿ ಹೋಗಿ, ಅವ್ವನಿಗೆ ರಬ್ಬರಿನ ವಿಷಯವನ್ನೆಲ್ಲ ಪಾಠ ಮಾಡಿದ ಹಾಗೆ ಬಿಡಿಸಿ ಹೇಳಿದೆ. ಎಂಬತ್ತರ ಹತ್ತಿರದ ಹೆಂಗಸು, ಪೂರ್ತಿ ಕೇಳಿದಳು.

"ಅಂಗಾರೆ ನಿಮ್ಮಪ್ಪನ್ನ ಬೀರಿನೊಳ್ಗೆ ಕೂಡಾಕಿ ಬಂದಿದ್ದೀಯ."

"ಕೂಡಾಕಿಲ್ಲವ್ವ, ಕಾಪಾಡ್ತಿದ್ದೀನಿ. ಹೊಗೆ ಆಗಲ್ಲ ಅದಕ್ಕೆ."

"ಬೀಡಿ ಸೇದೋನ್ಗೆ ಒಗೆ ಆಗಲ್ವಾ?"

ಮಣೆಯ ಮೇಲೆ ಏನೂ ಇಡದೆ ಎಡೆ ಹಾಕಿದಳು. ಎಡೆಯ ಮುಂದೆ ಯಾವಾಗಲೂ ಅಪ್ಪನ ಜೊತೆ ಮಾತಾಡುವವಳು, ಕೋಳಿ ಎಷ್ಟಕ್ಕೆ ಸಿಕ್ಕಿತು, ಮೊಮ್ಮಗಳು ಯಾವ ಕ್ಲಾಸು, ಎಲ್ಲ ಹೇಳುವವಳು, ಆ ದಿನ ಬಾಯಿ ಬಿಡಲಿಲ್ಲ. ಬರಿಯ ಗೋಡೆಗೆ ಏನು ಹೇಳುವುದು? ನಾನು ವಾಪಸು ಬರುವಾಗ ಬಸ್ಸಿನ ತನಕ ಬರುತ್ತಿದ್ದವಳು ಬಾಗಿಲಲ್ಲೇ ನಿಂತಳು. ಮುಖ ಉಳಿಯುವುದು ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ದುದ್ದ ದಾಟುವವರೆಗೂ ಚುಚ್ಚಿತು. ಆದರೂ ತಂದಿದ್ದರೆ ಆ ಹೊಗೆಗೆ ಗಲ್ಲ ಉದುರುತ್ತಿತ್ತು, ಮರುವರ್ಷ ಇಡಲು ಏನೂ ಇರುತ್ತಿರಲಿಲ್ಲ. ನನಗೂ ಅಪ್ಪನದು ಎಂದು ಬೇರೆ ಏನಿತ್ತು?

ಈ ವರ್ಷ ಶ್ರಾವಣದಲ್ಲಿ ಬೀರು ತೆಗೆದು ನೋಡಿದರೆ ಎಡಗೆನ್ನೆ ಒಳಕ್ಕೆ ಕುಸಿದಿತ್ತು. ಪದ್ಮರಾಜನಿಗೆ ಫೋನು ಮಾಡಿದೆ. ಬಟ್ಟೆ ತುಂಬಿದರೆ ಸಾಲದು, ಸರಿಯಾದ ಅಳತೆಯ ತಲೆ ಬೇಕು ಎಂದ. ಅಂಗಡಿಯಲ್ಲಿ ಸಿಗುವ ಥರ್ಮಾಕೋಲಿನ ತಲೆ ತಂದು ನೋಡಿದ, ಅದು ಒಳಗೆ ಗಡಿಗೆಯಲ್ಲಿ ನಿಂಬೆಹಣ್ಣಿನ ಹಾಗೆ ಅಲ್ಲಾಡಿತು. ಹದಿನೈದು ವರ್ಷ ಒಂದೇ ಮುಖಕ್ಕೆ ಒಗ್ಗಿಹೋದ ರಬ್ಬರು, ಅದೇ ಮುಖ ಬೇಕು ಟೀಚರ್, ತಂದೆಯವರ ಫೋಟೋ ಕೊಡಿ, ಮಣ್ಣಿನಲ್ಲಿ ಮಾಡಿ ಅಚ್ಚು ತೆಗೆಯುತ್ತೇನೆ ಎಂದ. ಫೋಟೋ ಇಲ್ಲವೆಂದೆ. ನೋಡಿದವರು ಯಾರಿದ್ದಾರೆ ಎಂದ. ನಾನಿದ್ದೇನೆ, ನಮ್ಮವ್ವ ಇದ್ದಾಳೆ ಎಂದೆ.

ಗಣೇಶನ ಹಬ್ಬ ಮುಗಿದ ಮೂರನೆಯ ದಿನ ಅವನು ಉಳಿದ ಮಣ್ಣನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ನಮ್ಮೂರಿಗೆ ಬಂದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆಯಿದೆ. ಪದ್ಮರಾಜ ಗಣೇಶ ಮಾಡಿ ಮುಗಿಸಿ ನಮ್ಮಪ್ಪನನ್ನು ಮಾಡಲು ಕೂತ. ಜಗುಲಿಯ ಮೇಲೆ ಹಲಗೆ ಹಾಕಿ, ಮಣ್ಣಿನ ಒಂದು ಉಂಡೆ ನಿಲ್ಲಿಸಿ, "ಹೇಳಿ ಅಜ್ಜಿ, ಹೆಂಗಿದ್ರು?" ಎಂದ.

"ಎಲ್ರಂಗೇ ಇದ್ರು ಕಣಪ್ಪ. ಎರ್ಡು ಕಣ್ಣು, ಒಂದು ಮೂಗು."

ನಾನು ಮುಂದೆ ಬಿದ್ದೆ. ಹಣೆ ಮುಂದಕ್ಕೆ ಬಂದಿತ್ತು, ಮೂಗು ಅಗಲ, ಬಾಯಿ ದೊಡ್ಡದು, ನಕ್ಕರೆ ಎಡಗಡೆ ಓರೆ ಎಂದು ವಿವರವಾಗಿ ಹೇಳಿದೆ. ಅವನು ಮಾಡುತ್ತಾ ಹೋದ. ಅರ್ಧ ಗಂಟೆಯಾದ ಮೇಲೆ ಅವ್ವ ಎಲೆಯಡಿಕೆ ಉಗಿದು ಬಂದು ನೋಡಿ, "ಇದ್ಯಾರ್ದು?" ಎಂದಳು.

"ಅಪ್ಪಂದು."

"ನೀನು ಯೋಳ್ತಿರೋದು ಕೋತಿ ಮಕ ಕಣವ್ವ ಜಯ. ನಿಮ್ಮಪ್ಪಂದು ಮೂಗು ಉದ್ದುಕ್ಕೆ ಸಣ್ಣಕಿತ್ತು, ನಿನ್ ಮೂಗಿನಂಗೆ."

ನಾನು ಕಣ್ಣು ಮುಚ್ಚಿ ನೆನೆಸಿಕೊಂಡೆ. ಅಪ್ಪ ಗದ್ದೆಯ ಬದುವಿನ ಮೇಲೆ ಬರುತ್ತಿದ್ದರು, ಊಟಕ್ಕೆ ಕೂತಿದ್ದರು, ನನ್ನ ರಿಸಲ್ಟು ಬಂದ ದಿನ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಎಲ್ಲ ಕಡೆಯೂ ಮೈ ಅಪ್ಪನದು, ಪಂಚೆ ಅಪ್ಪನದು, ಮುಖ ಮಾತ್ರ ರಬ್ಬರಿನದು. ಯಾವಾಗ ಹೀಗಾಯಿತೋ ಗೊತ್ತಿಲ್ಲ. ನನ್ನ ಅಪ್ಪನ ಮುಖವನ್ನು ನಾನು ಮರೆತಿದ್ದೇನೆ ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ, ನಮ್ಮ ಮನೆಯ ಜಗುಲಿಯ ಮೇಲೆ ಗೊತ್ತಾಯಿತು. ಎದ್ದು ಒಳಗೆ ಹೋಗಿ, ಟೀ ಮಾಡುವ ನೆಪದಲ್ಲಿ ಸ್ವಲ್ಪ ಹೊತ್ತು ಅತ್ತು ಬಂದೆ. ಟೀಗೆ ಸಕ್ಕರೆ ಹಾಕುವುದನ್ನು ಮರೆತಿದ್ದೆ, ಯಾರೂ ಏನೂ ಅನ್ನದೆ ಕುಡಿದರು.

ಅಷ್ಟರಲ್ಲಿ ಅವ್ವ ಹಲಗೆಯ ಮುಂದೆ ಕೂತುಬಿಟ್ಟಿದ್ದಳು. ಬಾಯಲ್ಲಿ ಹೇಳಲು ಬರದಿದ್ದದ್ದು ಅವಳ ಕೈಗೆ ಬರುತ್ತಿತ್ತು. ಎರಡೂ ಹೆಬ್ಬೆರಳನ್ನು ಮಣ್ಣಿನ ಹುಬ್ಬಿನ ಮೇಲೆ ಇಟ್ಟು ಒತ್ತಿ, "ಇಲ್ಲಿ ಒಸಿ ಗುಂಡಿ. ಎತ್ತು ಕೊಂಬಲ್ಲಿ ತಿವಿದಿತ್ತು" ಎನ್ನುವಳು. ಪದ್ಮರಾಜ ಅಲ್ಲಿ ತಿದ್ದುವನು. ಕೆನ್ನೆಗೆ ಅಂಗೈ ಇಟ್ಟು ನೋಡಿ, "ಇಷ್ಟು ತುಂಬ್ಕೊಂಡಿರ್ನಿಲ್ಲ, ತೆಗಿ ತೆಗಿ" ಎನ್ನುವಳು. ಕಿವಿಯ ವಿಷಯಕ್ಕೆ ಮಾತ್ರ ಇಬ್ಬರಿಗೂ ಜಗಳವೇ ಆಯಿತು. ಮುಖವಾಡದ ಒಳಗೆ ಕೂರಬೇಕಾದರೆ ಕಿವಿ ಇರಕೂಡದು ಅಜ್ಜಿ ಎಂದು ಅವನು, ಕಿವಿಯಿಲ್ಲದ ಗಂಡನ್ನ ಕಟ್ಕೊಂಡಿರ್ನಿಲ್ಲ ನಾನು ಎಂದು ಅವಳು. ಕೊನೆಗೆ ತಲೆಗೆ ಅಂಟಿಕೊಂಡ ಹಾಗೆ ಚಪ್ಪಟೆಯಾಗಿ ಎರಡು ಕಿವಿ ಮಾಡಿಕೊಟ್ಟ. ಹೀಗೆ ಮೂರು ಸಲ ಬಂದ. ಮೂರನೆಯ ಸಲ ಸಂಜೆ ಅವ್ವ ಏನೂ ಹೇಳಲಿಲ್ಲ. ಕೈ ತೊಳೆದುಕೊಂಡು ಬಂದು, ಸುಮ್ಮನೆ ಎದುರಿಗೆ ಕೂತು ಎಲೆಯಡಿಕೆ ಹಾಕಿಕೊಂಡಳು. ಪದ್ಮರಾಜ ನನ್ನ ಕಡೆ ನೋಡಿ, "ಆಯ್ತು ಅನ್ಸುತ್ತೆ ಟೀಚರ್" ಎಂದು ಮೆಲ್ಲಗೆ ಹೇಳಿದ.

ಅವನು ಅದಕ್ಕೆ ಅಚ್ಚು ತೆಗೆದು, ಪ್ಲಾಸ್ಟರಿನಲ್ಲಿ ಎರಕ ಹುಯ್ದು, ಪಕ್ಷದ ದಿನ ಬೆಳಿಗ್ಗೆ ಕಾರಿನಲ್ಲಿ ತಂದ. ನಾನು ಹಾಸನದಿಂದ ಮುಖ ತಂದಿದ್ದೆ. ಹೊಗೆ ದೀಪಕ್ಕೆ ದೂರದಲ್ಲಿ, ಬಿಸಿಲು ಬೀಳದ ಕಿಟಕಿಯ ಪಕ್ಕ ಮಣೆ ಹಾಕಿ, ಒಂದು ಗಂಟೆಯ ಮಟ್ಟಿಗೆ ಇಡುವುದು, ಆಮೇಲೆ ತೆಗೆದು ಪೆಟ್ಟಿಗೆಗೆ ಹಾಕುವುದು ಎಂದು ನಾನೂ ಪದ್ಮರಾಜನೂ ಮಾತಾಡಿಕೊಂಡಿದ್ದೆವು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಪ್ಲಾಸ್ಟರಿನ ತಲೆಗೆ ಪೌಡರ್ ಬಳಿದು, ಮುಖವನ್ನು ಮೇಲಿನಿಂದ ಒಂದೊಂದೇ ಬೆರಳು ಇಳಿಸಿದೆವು. ಗಲ್ಲ ತನ್ನ ಜಾಗಕ್ಕೆ ಬಂದು ಕೂತಿತು. ಕುಸಿದ ಕೆನ್ನೆ ತುಂಬಿಕೊಂಡಿತು. ಹುಬ್ಬಿನ ಗಂಟು ಬಿಗಿಯಿತು. ಓರೆ ಬಾಯಿ ನಾನು ಸಣ್ಣವಳಿದ್ದಾಗ ನಗುತ್ತಿದ್ದ ಹಾಗೆಯೇ ನಕ್ಕಿತು. ಪದ್ಮರಾಜ, "ಇನ್ನು ಇಪ್ಪತ್ತು ವರ್ಷಕ್ಕೆ ಚಿಂತೆಯಿಲ್ಲ ಟೀಚರ್" ಎಂದ. ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಗಿತ್ತು. ಎತ್ತಿಕೊಂಡು ಬಂದು ನಡುಮನೆಯ ಮಣೆಯ ಮೇಲೆ ಕೂರಿಸಿದೆ. ಕಿರೀಟ ಇಡಲಿಲ್ಲ, ನಾಮ ಎಳೆಯಲಿಲ್ಲ, ಎಲ್ಲ ಶಾಸ್ತ್ರದ ಪ್ರಕಾರವೇ ಇತ್ತು. ಎಲೆ ಹಾಕಿ ಅವ್ವನನ್ನು ಕರೆದೆ.

ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಬಾಗಿಲಲ್ಲೇ ನಿಂತಳು.

"ಬಿಚ್ಚು" ಎಂದಳು.

"ಯಾಕವ್ವ? ಸರಿಯಾಗಿ ಕೂತಿದೆಯಲ್ಲ, ನೋಡು ಬೇಕಾದರೆ."

"ಮಕ ಬಿಚ್ಚು ಅಂದೆ."

ಅಂಥ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ. ನಾನು ಪದ್ಮರಾಜನ ಕಡೆ ನೋಡಿದೆ, ಅವನು ಮುಂದೆ ಬಂದು ಕತ್ತಿನ ಅಂಚಿನಿಂದ ನಿಧಾನವಾಗಿ ರಬ್ಬರನ್ನು ಮೇಲಕ್ಕೆ ಎತ್ತತೊಡಗಿದ. ಗಲ್ಲ ಕಂಡಿತು, ಆಮೇಲೆ ಮೂಗು, ಹುಬ್ಬಿನ ಗುಂಡಿ. ಪೌಡರಿನಲ್ಲಿ ಬೆಳ್ಳಗಾದ, ಕಣ್ಣು ಮುಚ್ಚಿದ ಒಬ್ಬ ಗಂಡಸಿನ ಮುಖ. ನನ್ನ ತಮ್ಮ ಶಿವಣ್ಣನಿಗಿಂತಲೂ ಚಿಕ್ಕ ವಯಸ್ಸು. ಅವ್ವ ಅದರ ಮುಂದೆ ಮಂಡಿಯೂರಿ ಕೂತು, ಸೆರಗಿನ ತುದಿಯಿಂದ ಹಣೆ ಒರೆಸಿದಳು. ಕಣ್ಣಿನ ಕೆಳಗೆ ಒರೆಸಿದಳು. ಕಿವಿಯ ಹಿಂದೆ, ಕತ್ತಿನ ಸುತ್ತ ಒರೆಸಿದಳು. ಪೌಡರೆಲ್ಲ ಅವಳ ಸೀರೆಗೆ ಬಂತು.

"ಸೀನು ಮುಗುಸ್ಕೊಂಡು ಸೈಡಿಗೆ ಬರೋನು ಕಣವ್ವ" ಎಂದಳು, ನನ್ನ ಕಡೆ ತಿರುಗದೆ. "ಅದ್ರೊಳ್ಗೆ ಉಸ್ರು ಕಟ್ಟೋದು. ಮಾತಾಡಾಕೂ ಆಯ್ತಿರ್ನಿಲ್ಲ, ಕೈ ಸನ್ನೆ ಮಾಡೋನು, ಬಿಚ್ಚು ಬಿಚ್ಚು ಅಂತ. ನಾನೇ ಬಿಚ್ಚಿ ಗಾಳಿ ಬೀಸ್ತಿದ್ದೆ. ಯಾರ್ಗೂ ಯೋಳ್ಬ್ಯಾಡ ಅನ್ನೋನು, ಪಾರ್ಟು ಬೇರೆಯೋರ್ಗೆ ಕೊಟ್ಬುಡ್ತಾರೆ ಅಂತ."

ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಪದ್ಮರಾಜ ಬಿಚ್ಚಿ ಕೊಟ್ಟ ಮುಖ ನನ್ನ ಕೈಯಲ್ಲಿ ಜೋಲಾಡುತ್ತಿತ್ತು. ಏನಾದರೂ ಹೇಳಬೇಕೆಂದು, "ಮತ್ತೆ ಇದರೊಳಕ್ಕೆ ಏನು ಹಾಕಲವ್ವ?" ಎಂದೆ.

"ಏನಾರ ತುಂಬು. ಅಳೇ ಸೀರೆ ಗೀರೆ. ಇವ್ರನ್ನ ಮತ್ತೆ ಅದ್ರೊಳಕ್ಕೆ ಆಕ್ಬ್ಯಾಡ."

ತಲೆಯನ್ನು ಕಿಟಕಿಯ ಪಕ್ಕದಿಂದ ಎತ್ತಿ, ತಾನೇ ದೀಪದ ಹತ್ತಿರಕ್ಕೆ ತಂದು ಕೂರಿಸಿದಳು. ಪ್ಲಾಸ್ಟರಿಗೆ ಹೊಗೆಯಿಂದ ಏನೂ ಆಗುವುದಿಲ್ಲ ಎಂದು ಪದ್ಮರಾಜ ಹಿಂದಿನಿಂದ ಹೇಳಿದ, ಅವಳು ಕೇಳಿಸಿಕೊಂಡಳೋ ಇಲ್ಲವೋ. ಶಿವಣ್ಣ ಮುದ್ದೆಯ ತಟ್ಟೆ ಹಿಡಿದು ನಿಂತಿದ್ದ.

"ಮೂವತ್ತಾರು ವರ್ಸ ಬಿಚ್ದೆಲೇ ಕೂರ್ಸ್ಬುಟ್ಟಿದ್ವಲ್ಲ" ಎಂದಳು ಅವ್ವ. ಆಮೇಲೆ ಅವನ ಕೈಯಿಂದ ತಟ್ಟೆ ಇಸಿದುಕೊಂಡು ಪಕ್ಕಕ್ಕಿಟ್ಟು, ನನಗೆ ಹೇಳಿದಳು:

"ಊಟ ಆಮೇಲೆ ಇಕ್ಕುವಂತೆ. ಮೊದ್ಲು ಒಂದು ಚೊಂಬು ನೀರು ತಂದು ಮಡುಗು."